ನೀವು ಕೇಳಿದ ಎರಡು ಗುಟುಕು ನೀರು

ಮುತ್ತಕ್ಕಾ,

ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಎದ್ದೆ. ಮೊದಲ ಸಲ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಎರಡನೇ ಸಲ ನೆನಪಾಗಲು ಏನೂ ಇರಲಿಲ್ಲ, ಸುಮ್ಮನೆ ಎದ್ದೆ. ನೀವಿದ್ದಿದ್ದರೆ "ಗಿರಿಜಾ, ನಿನ್ನ ಕಾಲಿಗೆ ಚಕ್ರ ಕಟ್ಟಿ ಕಳಿಸಿದ್ದು ಯಾರೇ?" ಎಂದು ನಗುತ್ತಿದ್ದಿರಿ. ಈಗ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ನಿಮಗೊಂದು ಸುದ್ದಿ ಹೇಳಬೇಕು. ಅದಕ್ಕೂ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಾನು ಆ ಕೋಣೆಗೆ ಮೊದಲು ಬಂದ ದಿನ ನಿಮಗೆ ನೆನಪಿದೆಯಾ? ಶನಿವಾರಸಂತೆ ಕಡೆಯಿಂದ ಮದುವೆಯಾಗಿ ಪಾಲಿಬೆಟ್ಟಕ್ಕೆ ಬಂದ, ಕಾಫಿ ತೋಟದ ಲೆಕ್ಕ ಬರೆಯುವ ರೈಟರ ಹೆಂಡತಿ ನಾನು. ಮಕ್ಕಳಿಲ್ಲ, ಹೊತ್ತು ಹೋಗುತ್ತಿರಲಿಲ್ಲ. ತೋಟದ ಆಸ್ಪತ್ರೆಯ ಹಿಂದಿನ ಹೆಂಚಿನ ಕೋಣೆಯಲ್ಲಿ, ಇನ್ನು ಔಷಧಿ ನಾಟದು ಎಂದು ಡಾಕ್ಟರು ಕೈಬಿಟ್ಟವರನ್ನು ಮಲಗಿಸುತ್ತಿದ್ದರು. ಕೂಲಿ ಲೈನಿನ ಮನೆಗಳ ಮಂದಿಯೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೋದರೆ ಅವರ ಪಕ್ಕ ಕೂರಲು ನೀವೊಬ್ಬರೇ. ಯಾರೂ ಕರೆದಿರಲಿಲ್ಲ, ಸಂಬಳವೂ ಇರಲಿಲ್ಲ. ನಾನು ಒಬ್ಬ ಮುದುಕಿಗೆ ಗಂಜಿ ಕೊಟ್ಟು ಹೊರಟವಳು. ನೀವು ಸ್ಟೂಲನ್ನು ನನ್ನ ಕಡೆ ತಳ್ಳಿದಿರಿ.

"ಗಂಜಿ ಆಯ್ತು. ಇನ್ನು ಕೂತ್ಕೋ."

"ಏನ್ ಮಾಡ್ಲಿ ಅಕ್ಕಾ?"

"ಏನೂ ಮಾಡ್ಬೇಡ. ಅವಳ ಕೈ ಹಿಡ್ಕೊಂಡು ಬಾಯಿ ಮುಚ್ಕೊಂಡು ಕೂರು."

ಅಷ್ಟು ಸುಲಭವೇ? ಹೊದಿಕೆ ಸರಿ ಮಾಡುತ್ತಿದ್ದೆ, ನೊಣ ಓಡಿಸುತ್ತಿದ್ದೆ, ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದೆ. ಕುಟ್ಟದಾಚೆಯಿಂದ ಬಂದಿದ್ದ ಆ ಮಲಯಾಳಿ ಅಜ್ಜ ಉಸಿರಿಗೆ ಒದ್ದಾಡುತ್ತಲೇ "ಈ ಅಮ್ಮನ್ನ ಒಂದ್ಕಡೆ ಕೂರ್ಸಿ, ನಂಗೆ ತಲೆ ಸುತ್ತುತ್ತೆ" ಎಂದಾಗ ನೀವು ಸೆರಗು ಬಾಯಿಗೊತ್ತಿ ನಕ್ಕಿರಿ. ಅಜ್ಜನೂ ನಕ್ಕ. ನನಗೆ ಮಾತ್ರ ಸಿಟ್ಟು ಬಂದಿತ್ತು.

ಹೊಸಬರು ಯಾರೇ ಬರಲಿ, ಎರಡು ದಿನ ಬಿಟ್ಟು ನೀವು ಮೆಲ್ಲಗೆ ಕೇಳುತ್ತಿದ್ದಿರಿ: "ಯಾರ ಕೈ ನೀರು ಬೇಕು?" ಒಬ್ಬಳು ಗಂಡನ ಹೆಸರು ಹೇಳುತ್ತಿದ್ದಳು, ಇನ್ನೊಬ್ಬ ಜಗಳವಾಡಿ ಹೋದ ಮಗನದ್ದು. ನೀವು ಹೇಳಿ ಕಳಿಸುತ್ತಿದ್ದಿರಿ. "ನೀವೇ ಬಿಡಿ ಅಮ್ಮಾ" ಎಂದವರಿಗೆ ಜಾತಿ ಕುಲ ಕೇಳದೆ ನೀವೇ ಬಿಡುತ್ತಿದ್ದಿರಿ. ನನಗೆ ಅದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊನೆಯ ನೀರು ಒಡಹುಟ್ಟಿದವರೋ ಹೆತ್ತ ಮಕ್ಕಳೋ ಬಿಡಬೇಕು, ಹೊರಗಿನವರು ಬಿಟ್ಟರೆ ಜೀವ ಬಾಯಾರಿ ಅಲೆಯುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಿಮ್ಮನ್ನೇ ಕೇಳಿದ್ದೆ. "ಸಾಯೋರು ಯಾರನ್ನ ಕೇಳ್ತಾರೋ ಅವರೇ ಸ್ವಂತದವರು ಕಣೇ" ಎಂದಿರಿ. ಹೂಂ ಎಂದೆ. ನಂಬಲಿಲ್ಲ.

ಕಿಟಕಿ ಪಕ್ಕದ ಮಂಚವನ್ನು ನೀವೇ ಹಿಡಿದ ಆ ವಾರ... ತಮಾಷೆಗೆಂಬಂತೆ ನಾನೂ ಕೇಳಿದೆ, ನಿಮಗೆ ಯಾರ ಕೈ ನೀರು ಬೇಕಕ್ಕಾ? "ನಿನ್ನದೇ. ಇನ್ಯಾರಿದಾರೆ?" ಎಂದಿರಿ. ಹುದಿಕೇರಿಯ ನಿಮ್ಮ ತಮ್ಮನ ಮೇಲಿನ ನೋವಿನಿಂದ ಹಾಗೆಂದಿರಿ ಅಂದುಕೊಂಡೆ. "ಲೈನಿನ ಹೆಣ ತೊಳೆಯೋದಾದ್ರೆ ನನ್ನ ಮನೆ ಮೆಟ್ಟಿಲು ತುಳಿಬೇಡ" ಎಂದು ಮಾದಪ್ಪಣ್ಣ ಹೇಳಿದ ಮೇಲೆ ನೀವಿಬ್ಬರೂ ಮಾತಾಡಿರಲಿಲ್ಲವಲ್ಲ. ಸಾಯುವಾಗಲಾದರೂ ಒಂದಾಗಲಿ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಯಾರು ಹೇಳಿದ್ದರು ನನಗೆ?

ಆ ಬೆಳಿಗ್ಗೆ "ಎರಡು ಗುಟುಕು ನೀರು ಕೊಡು" ಎಂದಿರಿ. ಲೋಟ ನನ್ನ ಕೈಯಲ್ಲೇ ಇತ್ತು ಅಕ್ಕಾ. ನಿಮ್ಮ ಕಣ್ಣು ನೋಡಿದರೆ ಇದು ಬರೀ ಬಾಯಾರಿಕೆಯ ನೀರಲ್ಲ ಎಂದು ಗೊತ್ತಾಯಿತು. ಹೆದರಿದೆ. ಲೋಟ ಕೆಳಗಿಟ್ಟು, ತುಟಿಗೆ ಒದ್ದೆ ಬಟ್ಟೆ ಒತ್ತಿ, "ತಡ್ಕೊಳ್ಳಿ ಅಕ್ಕಾ, ನಿಮ್ ತಮ್ಮನ್ನ ಕರ್ಕೊಂಡೇ ಬರ್ತೀನಿ" ಎಂದೆ. "ಕೂರು" ಎಂದಿರಿ. ನಾನು ಆಗಲೇ ಬಾಗಿಲು ದಾಟಿದ್ದೆ.

ಗೋಣಿಕೊಪ್ಪದಲ್ಲಿ ಬಸ್ಸು ಬದಲಾಯಿಸುವಾಗ ಒಂದು ಗಂಟೆ ಕಾಯಬೇಕಾಯಿತು. ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಬಸ್ಸಿನಲ್ಲಿ ದೊಡ್ಡ ವಾದ. ಯಾವುದಕ್ಕಾದರೂ ಸೇರಿ ಸಾಯಲಿ, ಬಸ್ಸು ಬಿಡ್ರಪ್ಪಾ ಎಂದು ಕೂಗಬೇಕೆನಿಸಿತ್ತು. ಮಾದಪ್ಪಣ್ಣ ನನ್ನ ಮಾತು ಕೇಳಿದವರೇ ಕೊಡೆ ತೆಗೆದುಕೊಂಡು ನನಗಿಂತ ಮುಂದೆ ನಡೆದರು. ನಾವು ಬರುವಷ್ಟರಲ್ಲಿ ನಿಮ್ಮ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಕೋಣೆ ಗುಡಿಸುವ ಅಂಜಲೆ ಅದೇ ಲೋಟ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು.

"ಗಿರಿಜಾ ಎಲ್ಲೀಂತ ಮೂರು ಸಲ ಕೇಳಿದ್ರು ಅಮ್ಮಾ. ಆಮೇಲೆ ಕೇಳ್ಲಿಲ್ಲ. ನಾನೇ ನೀರು ಬಿಟ್ಟೆ. ತಪ್ಪಾ?"

ನಾನು ಏನೆಂದೆ ಗೊತ್ತೇ? "ನಿನ್ನನ್ನ ಯಾರೇ ಕೇಳಿದ್ದು?" ಎಂದು ಎಲ್ಲರೆದುರು ಅವಳ ಮೇಲೆ ಕಿರುಚಿದೆ. ನಾನು ಮಾಡಬೇಕಿದ್ದ ಕೆಲಸ ಮಾಡಿದವಳ ಮೇಲೆ! ನಾಚಿಕೆಯಾಗುತ್ತದೆ ಅಕ್ಕಾ, ಬರೆಯಲೂ ನಾಚಿಕೆ.

ಮೂರು ಸಲ ಕೇಳಿದ್ದು ಸರಿ. ಆಮೇಲೆ ಯಾಕೆ ಕೇಳಲಿಲ್ಲ? ಸಿಟ್ಟಾ? ಇವಳು ಬರುವವಳಲ್ಲ ಎಂದು ಬಿಟ್ಟುಬಿಟ್ಟಿರಾ? ಇದೊಂದೇ ತಲೆಯೊಳಗೆ ಕೊರೆಯುತ್ತಿತ್ತು. ಕಾಫಿ ಕುಯ್ಲು ಬಂದು ಮುಗಿಯಿತು, ನಾನು ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಗುಡಿಸಿದ್ದನ್ನೇ ಗುಡಿಸಿದೆ, ತೊಳೆದದ್ದನ್ನೇ ತೊಳೆದೆ. "ಇನ್ನೆಷ್ಟು ಉಜ್ತೀಯ ಮಾರಾಯ್ತಿ, ತಳ ತೂತಾಗುತ್ತೆ" ಎಂದು ಇವರು ಪಾತ್ರೆ ಕಸಿದುಕೊಂಡರು.

ಹೋದ ಮಂಗಳವಾರ ಬೆಳಿಗ್ಗೆ ಅಂಜಲೆಯೇ ಬಾಗಿಲಿಗೆ ಬಂದಳು. ಆ ದಿನದ ನಂತರ ನಾನು ಅವಳ ಮುಖ ನೋಡಿರಲಿಲ್ಲ. "ಮುತ್ತಕ್ಕನ ತಮ್ಮನ್ನ ಕರ್ಕೊಂಡು ಬಂದಿದಾರೆ. ಅಕ್ಕ ಇದ್ದ ಕೋಣೇಲೇ ಇರ್ತೀನಿ ಅಂತ ಅವರೇ ಹಟ ಮಾಡಿದ್ರಂತೆ. ನಿಮ್ಮನ್ನ ಕೇಳ್ತಿದಾರೆ" ಎಂದಳು. ಹೋದೆ. ನಿಮ್ಮದೇ ಮಂಚ. ಮಾದಪ್ಪಣ್ಣನ ಮಗ ನನ್ನನ್ನು ಹೊರಗೆ ಕರೆದು, "ಕುಟ್ಟಕ್ಕೆ ಹೋಗಿ ತಂಗೀನ ಕರ್ಕೊಂಡು ಬರ್ತೀನಿ. ಏನಾದ್ರೂ ಆದ್ರೆ ನೀರು ಮಾತ್ರ ಯಾರೂ ಬಿಡ್ಬೇಡಿ. ಅದು ನಮ್ಮದು" ಎಂದು ಹೊರಟ. ಅಂದು ನಾನೂ ಹೀಗೇ ಓಡಿದ್ದೆ. ಒಳಗೆ ಬಂದು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೆ.

ಮಧ್ಯಾಹ್ನ ತಿರುಗುವಾಗ ಮಾದಪ್ಪಣ್ಣ ಕಣ್ಣು ಬಿಟ್ಟರು. "ನೀರು" ಎಂದರು. ನಾನು ಕಿಟಕಿಯಿಂದ ರಸ್ತೆ ನೋಡಿದೆ. ಬಸ್ಸಿಲ್ಲ. ಕಾಲು ತಾನಾಗಿ ಎದ್ದು ನಿಲ್ಲಲು ಹೊರಟಿತು.

"ಮಗ ಬರ್ತಿದಾನೆ ಅಣ್ಣಾ, ಮಗಳೂ..."

"ಅಕ್ಕ ಯಾರ ಕೈ ನೀರು ಕುಡಿದ್ಲು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅಂಜಲೆ ಕೈದು. ಇಲ್ಲಿ ಕಸ ಗುಡಿಸ್ತಾಳೆ, ಲೈನಿನವಳು. ನಾನು ಕೊಡ್ಬೇಕಿತ್ತು, ಕೊಡ್ಲಿಲ್ಲ."

ಮಾದಪ್ಪಣ್ಣ ಬಾಗಿಲ ಕಡೆ ನೋಡಿದರು. "ಅವಳನ್ನ ಕರಿ. ನೀವಿಬ್ಬರೂ ಬಿಡಿ" ಎಂದರು.

ಅಂಜಲೆ ಒಲ್ಲೆ ಎಂದಳು. ಲೋಟ ಅವಳ ಕೈಗಿಟ್ಟೆ. ಮೊದಲ ಗುಟುಕು ಅವಳು ಬಿಟ್ಟಳು, ಎರಡನೆಯದು ನಾನು. ಮಾದಪ್ಪಣ್ಣ ನುಂಗಿದರು. ಆಮೇಲೆ ಮತ್ತೆ ನೀರು ಕೇಳಲಿಲ್ಲ. ಸಿಟ್ಟಿನಿಂದಲ್ಲ ಅಕ್ಕಾ, ಬಾಯಾರಿಕೆ ತೀರಿತ್ತು, ಅಷ್ಟೇ. ನಾನು ಅವರ ಕೈ ಹಿಡಿದೇ ಇದ್ದೆ.

ಬಸ್ಸು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒದ್ದೆಯಾದ ಲೋಟ ನೋಡಿ ಮಗನ ಮುಖ ಕೆಂಪಾಯಿತು. "ನೀರು ಬಿಡೋಕೆ ನೀವ್ಯಾರು?" ಎಂದ. ಅಂಜಲೆ ಬಾಗಿಲ ಹಿಂದೆ ಸರಿಯುತ್ತಿದ್ದಳು. ಕೂತಲ್ಲಿಂದಲೇ ಅವಳನ್ನು ಕರೆದು, ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡೆ.

"ನಾನು ನಿಮ್ಮಪ್ಪನ ತಂಗಿ ಕಣಪ್ಪಾ. ಇವಳೂ. ಅವರೇ ಕೇಳಿ ಕುಡಿದ್ರು."

ಅವನು ಮುಖ ತಿರುಗಿಸಿದ, ಇನ್ನೂ ಮಾತಾಡಿಲ್ಲ. ಮಾತಾಡದಿದ್ದರೂ ಪರವಾಗಿಲ್ಲ. ಕುಟ್ಟದಿಂದ ಅವನ ಜೊತೆ ಬಂದ ತಂಗಿ ಮಾತ್ರ ಅಪ್ಪನ ಕಾಲ ಬಳಿ ಕುಸಿದು ಅತ್ತು, ಆಮೇಲೆ ಅಂಜಲೆಯ ಕಡೆಗೇ ತಿರುಗಿ ಕೇಳಿದಳು: "ಅತ್ತೆ, ಅಪ್ಪ ಕೊನೆಗೆ ಏನಾದ್ರೂ ಹೇಳಿದ್ರಾ?"

ಅಂಜಲೆ ನೆಲದ ಮೇಲೆ ಅವಳ ಪಕ್ಕ ಕೂತು ಎಲ್ಲ ಹೇಳಿದಳು. ನಾನು ಸ್ಟೂಲಿನ ಮೇಲೆ ಕೂತು ಕೇಳಿದೆ, ನೀವು ಅಂದು ನನ್ನ ಕಡೆ ತಳ್ಳಿದ ಅದೇ ಸ್ಟೂಲು. ಬೆಳಿಗ್ಗೆಯಿಂದ ನಾನು ಅದರಿಂದ ಎದ್ದಿರಲಿಲ್ಲ ಅಕ್ಕಾ.

ನಿಮ್ಮ
ಗಿರಿಜಾ