ಒಂಟಿಕಾಲಿನ ನವಿಲು

ಚಿಕ್ಕೇರೂರು,
ಬುಧವಾರ, ೨೯ ಜನವರಿ ೨೦೨೫

ಪ್ರೀತಿಯ ಅನ್ನವ್ವಾ,

ಒಂಟಿಕಾಲಿನ ನವಿಲಿನ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮಜ್ಜಿ ನಾಗವ್ವ, ನಾನು ಮೂರನೆಯ ಇಯತ್ತೆಯಲ್ಲಿದ್ದ ವರ್ಷ, ಶೇಂಗಾ ಬಿಡಿಸುವ ಹೊತ್ತಿನಲ್ಲಿ. ಕಥೆ ನಡೆಯುವಷ್ಟು ಹೊತ್ತೂ ನಾವು ಹುಡುಗರು ‘ಹೂಂ’ ಅನ್ನುತ್ತಲೇ ಇರಬೇಕು ಎಂಬುದು ಅವಳ ಕಟ್ಟಳೆ. ಹೂಂ ಅನ್ನುವ ಬಾಯಿಗೆ ಶೇಂಗಾ ತಿನ್ನಲು ಆಗುವುದಿಲ್ಲವಲ್ಲ, ಅದಕ್ಕೆ. ನೋಡು, ಕ್ಷೇಮ ಕೇಳುವ ಮೊದಲೇ ಕಥೆಗೆ ಕೈ ಹಾಕಿಬಿಟ್ಟೆ. ಹೇಗಿದ್ದೀ? ಮೈಸೂರಿನ ಚಳಿಗೆ ಮೊಣಕಾಲು ಹಿಡಿಯುತ್ತಿದೆಯೇ? ಅಲ್ಲಿಯ ಅನ್ನ-ಸಾರಿಗೆ ಹೊಟ್ಟೆ ಹೊಂದಿಕೊಂಡಿತೇ, ಇಲ್ಲಾ ಇನ್ನೂ ರೊಟ್ಟಿ ರೊಟ್ಟಿ ಅನ್ನುತ್ತಿದೆಯೇ? ನಿನ್ನ ಕಣ್ಣಿನ ಚಾಳೀಸಿನ ಒಂದು ಕಡ್ಡಿ ಸಡಿಲಾಗಿತ್ತು, ಸರಿಮಾಡಿಸಿಕೋ.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಲೋಹಿತ ಗೋವಿನಜೋಳ ಒಣಗಿಸಿ ಚೀಲ ತುಂಬುತ್ತಿದ್ದಾನೆ. ಸೊಸೆ ಜಯಶ್ರೀ ನೀನು ಕಲಿಸಿದ ಹಾಗೆಯೇ ರೊಟ್ಟಿ ಬಡಿಯುತ್ತಾಳೆ, ಅಂಚು ಮಾತ್ರ ತುಸು ದಪ್ಪ. ಇದನ್ನು ಅವಳ ಮುಂದೆ ಎತ್ತಬೇಡ. ನೀನು ಹೋದ ಮೊದಲ ವಾರ ಎಮ್ಮೆ ಹಾಲು ಬಿಡಲಿಲ್ಲ. ಆಮೇಲೆ ಜಯಶ್ರೀ ನಿನ್ನ ಹಸಿರು ಸೀರೆ ಸುತ್ತಿಕೊಂಡು ಹೋಗಿ ಕೂತಳು, ಬಿಟ್ಟಿತು. ಎಮ್ಮೆಯನ್ನು ಹಾಗೆ ನಂಬಿಸಬಹುದು. ನನ್ನನ್ನು ನಂಬಿಸುವ ಸೀರೆ ಮನೆಯಲ್ಲಿ ಇಲ್ಲ. ನೀನು ಕೂತು ಕೌದಿ ಹೊಲಿಯುತ್ತಿದ್ದ ಹೊಸ್ತಿಲ ಪಕ್ಕದ ಜಾಗಕ್ಕೆ ಮಧ್ಯಾಹ್ನದ ಬಿಸಿಲು ಮೊದಲಿನಂತೆಯೇ ಬರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಹೋಗುತ್ತದೆ. ಬೆಕ್ಕು ಅಲ್ಲಿ ಮಲಗಲು ನೋಡಿತು. ಏಕೋ ತಡೆಯದೆ ಓಡಿಸಿದೆ. ಇನ್ನೊಂದು ಮಾತು. ಲಕೋಟೆಯ ಮೇಲೆ ನಿನ್ನ ಹೆಸರು ಬರೆಯುವಾಗ ಕೈ ತಡೆಯಿತು. ಮದುವೆಯಾದ ಹೊಸದರಲ್ಲಿ ನಿನ್ನನ್ನು ‘ಏ’ ಎಂದೆ, ಮಗ ಹುಟ್ಟಿದ ಮೇಲೆ ‘ಲೋಹಿತನವ್ವಾ’ ಎಂದೆ. ಅಂಚೆಯವರಿಗೆ ಅದು ನಡೆಯುವುದಿಲ್ಲ. ‘ಅನ್ನವ್ವ’ ಎಂದು ಬರೆದು ನೋಡಿದೆ. ಚೆಂದದ ಹೆಸರು. ಅದಕ್ಕೇ ಒಳಗೂ ಬರೆದಿದ್ದೇನೆ.

ನಿನ್ನ ಪತ್ರ ಬಂದು ವಾರವಾಯಿತು, ತಡವಾಯಿತೆಂದು ಸಿಟ್ಟಾಗಬೇಡ. ‘ಮೂರು ತಿಂಗಳು ಮುಗೀತು, ಮೇಡಮ್ಮಾರು ಇನ್ನೊಂದು ವರ್ಷ ಇರ್ರಿ ಅಂತಾರ. ನೀವು ಇರು ಅಂದ್ರ ಇರ್ತೇನಿ, ಬಾ ಅಂದ್ರ ಬರ್ತೇನಿ’ ಎಂದು ಬರೆದಿದ್ದೀ. ಫೋನಿನಲ್ಲಿ ಇದನ್ನು ಹೇಳಲು ಆಗುವುದಿಲ್ಲ. ಫೋನಿನಲ್ಲಿ ನಮ್ಮಿಬ್ಬರ ಮಾತು ‘ಉಂಡ್ಯಾ’, ‘ಉಂಡೆ, ನೀವು?’ ಎನ್ನುವಲ್ಲಿಗೆ ಮುಗಿಯುತ್ತದೆ, ಆಮೇಲೆ ಮಗ-ಸೊಸೆ ಇಸಿದುಕೊಳ್ಳುತ್ತಾರೆ. ಈ ಪತ್ರಕ್ಕಿಂತ ಮೊದಲು ಇನ್ನೊಂದು ಬರೆದಿದ್ದೆ. ಅದರಲ್ಲಿ ‘ಬಾ’ ಎಂಬ ಒಂದೇ ಅಕ್ಷರವಿತ್ತು. ಅದನ್ನು ಒಲೆಗೆ ಹಾಕಿದೆ.

ಯಾರನ್ನು ಬೈಯಬೇಕೋ ತಿಳಿಯುವುದಿಲ್ಲ. ಗೊಟಗೋಡಿಯ ಗಾರ್ಡನ್ನು ನೋಡಲು ಹೋದಾಗ ಬಂದವರೆಲ್ಲ ಸಿಮೆಂಟಿನ ಎತ್ತು, ಸಿಮೆಂಟಿನ ಒಕ್ಕಲಿಗರನ್ನು ನೋಡುತ್ತಿದ್ದರೆ, ಆ ಮೈಸೂರಿನ ಹೆಣ್ಣುಮಗಳು, ನಿಮ್ಮ ಮೇಡಮ್ಮ, ನಮ್ಮ ಬುತ್ತಿಯ ಕೆಳಗೆ ಹಾಸಿದ್ದ ಕೌದಿಯನ್ನು ನೋಡುತ್ತ ನಿಂತಿದ್ದಳು. ಹಳೆಯ ಸೀರೆ ಧೋತರದ ತುಂಡುಗಳಲ್ಲಿ ನೀನು ಕೂಡಿಸಿದ್ದ ಹಕ್ಕಿಗಳನ್ನು ಬೆರಳಿನಿಂದ ಮುಟ್ಟಿ, ಇದನ್ನು ಯಾರು ಹೊಲಿದರು ಎಂದು ಕೇಳಿದಳು. ನೀನು ಸೆರಗು ಸರಿಮಾಡಿಕೊಂಡು, ಯಾರು ಹೊಲಿದರೋ ಏನೋ, ಹಳೆಯದು ಎಂದುಬಿಟ್ಟೆ. ‘ಈಕೀನ ಹೊಲದಾಳ್ರಿ’ ಅಂದವನು ನಾನು. ಹೆಮ್ಮೆ ತಡೆಯಲಾಗಲಿಲ್ಲ. ಆ ಹೆಮ್ಮೆ ನಿನ್ನನ್ನು ಬಸ್ಸು, ರೈಲು ಹತ್ತಿಸಿ ಅಷ್ಟು ದೂರದ ಹೊಲಿಗೆ ಶಾಲೆಗೆ ಕೌದಿ ಕಲಿಸಲು ಕಳಿಸಿತು. ಈಗ ನಮ್ಮ ಓಣಿಯ ಹಾಲೇಶ ದಿನಾ ಕಟ್ಟೆಗೆ ಬಂದು, ‘ಗಿರಿಯಪ್ಪಣ್ಣಾ, ವೈನಿ ಇನ್ನೂ ಬರಲಿಲ್ಲಲ್ಲ, ದಸರಾ ಆನಿಗೆ ಕೌದಿ ಹೊಲಿಯಾಕತ್ತಾರೇನು?’ ಎಂದು ಕೇಳುತ್ತಾನೆ. ಜನ ನಗುತ್ತಾರೆ. ನಾನೂ ನಗುತ್ತೇನೆ. ಆನೆ ದೊಡ್ಡದು, ಹೊತ್ತು ಹಿಡಿಯುತ್ತದೆ ಎನ್ನುತ್ತೇನೆ.

ಆದರೆ ನಿನ್ನ ಪತ್ರದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ‘ಇಲ್ಲೆ ಊಟದ ಗಂಟಿ ಹೊಡಿಯೂ ತನಕ ನನ್ನ ಯಾರೂ ಕರಿಯೂದಿಲ್ಲ. ಕೂತಾಕಿ ಕೂತ ಇರ್ತೇನಿ. ಮೊದಲ ದಿನ ಅಂಜಿಕಿ ಬಂತು. ಈಗ ಹುಡುಗ್ಯಾರ ಬಣ್ಣ ಇಸಕೊಂಡು ಚಿತ್ರಾನೂ ಬರಿಯಾಕತ್ತೇನಿ’ ಎಂದಿದ್ದೀ. ಅದನ್ನು ಓದಿ ಮಡಚಿ ಇಟ್ಟೆ, ಮತ್ತೆ ತೆಗೆದು ಓದಿದೆ. ಆಗಲೇ ಅಜ್ಜಿಯ ನವಿಲು ನೆನಪಾದದ್ದು. ಮೊನ್ನೆ ಸೋಮವಾರ, ಬಸವಣ್ಣನ ವಾರವೆಂದು, ಯಾರೂ ಎತ್ತು ಹೂಡಿರಲಿಲ್ಲ. ಊಟದ ಮೇಲೆ ಹಾಲೇಶ ಬಂದಿದ್ದ, ಲೋಹಿತ ಚೀಲಕ್ಕೆ ಒರಗಿದ್ದ, ಜಯಶ್ರೀ ಅವರೆಕಾಯಿ ಸುಲಿಯುತ್ತಿದ್ದಳು. ಕಥೆ ಹೇಳು ಎಂದು ಯಾರೂ ಕೇಳಲಿಲ್ಲ, ನಾನೇ ಶುರುಮಾಡಿದೆ. ನೀನು ಇದನ್ನು ಅರ್ಧಂಬರ್ಧ ಕೇಳಿರಬೇಕು. ನಡುವೆ ಯಾರೋ ಕರೆದಿರುತ್ತಾರೆ. ಅದಕ್ಕೇ ಪೂರ್ತಿ ಬರೆಯುತ್ತೇನೆ.

ಒಂದೂರಿನಲ್ಲಿ ಒಬ್ಬ ಹೆಣ್ಣುಮಗಳು ಸುಣ್ಣ ಬಳಿದ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ನವಿಲು ಬರೆಯುತ್ತಿದ್ದಳಂತೆ. ಬರೆಯಲು ಕೂತರೆ ಸಾಕು, ಗಂಡ ಕರೆಯುತ್ತಿದ್ದ. ನೀರು ತಾ ಎನ್ನುತ್ತಿದ್ದ, ಎದ್ದು ಹೋಗುತ್ತಿದ್ದಳು. ಮಜ್ಜಿಗೆ ತಾ ಎನ್ನುತ್ತಿದ್ದ, ಎದ್ದು ಹೋಗುತ್ತಿದ್ದಳು. ಹೀಗಾಗಿ ನವಿಲಿಗೆ ಒಂದೇ ಕಾಲು ಆಗಿತ್ತು, ಅರ್ಧ ಪುಚ್ಚ ಆಗಿತ್ತು, ಕಣ್ಣಂತೂ ಇರಲೇ ಇಲ್ಲ. ಒಂದು ದಿನ ಗಂಡ ಉಂಡು ಅಡ್ಡಾಗಿದ್ದಾಗ ಆ ನವಿಲು ಗೋಡೆಯಿಂದ ಇಳಿದು, ಕುಂಟುತ್ತ, ಗೋಡೆ ತಡವುತ್ತ ಅವನ ಹಾಸಿಗೆಯ ಹತ್ತಿರ ಬಂದು ನನ್ನ ಕಾಲು ಕೊಡು ಎಂದಿತು. ನಿನ್ನ ಕಾಲು ನನ್ನ ಹತ್ತಿರ ಎಲ್ಲಿಂದ ಬರಬೇಕು ಎಂದು ಅವನು ದಬಾಯಿಸಿದ. ನವಿಲು, ‘ಮುಂಜಾನಿ ನೀರು ತಾ ಅಂದ್ಯಲ್ಲ, ಆ ನೀರಿನ್ಯಾಗ ನನ್ನ ಕಾಲು ಕುಡದಿ. ನಿನ್ನೆ ಮಜ್ಜಿಗಿ ತಾ ಅಂದ್ಯಲ್ಲ, ಅದರಾಗ ನನ್ನ ಪುಚ್ಚ ಕುಡದಿ’ ಎಂದಿತು. ಗಂಡ ಹೊಟ್ಟೆ ಹಿಡಿದುಕೊಂಡು ಕೂತ.

ಮರುದಿನದಿಂದ ಅವನು ಕರೆಯುವುದನ್ನು ಬಿಟ್ಟ. ಬಾಯಾರಿದರೆ ತಾನೇ ಎದ್ದು ನೀರಿನ ಹರವಿಯ ಹತ್ತಿರ ಹೋದ. ಇತ್ತ ನವಿಲಿಗೆ ಎರಡನೆಯ ಕಾಲು ಬಂತು, ಪುಚ್ಚ ತುಂಬಿತು. ದಿನಾ ಮಧ್ಯಾಹ್ನ ಅದು ಇಳಿದು ಬಂದು, ಇವತ್ತು ಇಷ್ಟಾಯಿತು ನೋಡು ಎಂದು ತೋರಿಸಿ ಹೋಗುತ್ತಿತ್ತು. ಬರುತ್ತ ಬರುತ್ತ ಇಬ್ಬರಿಗೂ ಸಲಿಗೆಯಾಯಿತು. ಮಳೆಯ ಮಾತು, ಬೀಜದ ಮಾತು, ಬೀಗರ ಮೇಲಿನ ಚಾಡಿ, ಎಲ್ಲ ಆಯಿತು. ಆ ಮನುಷ್ಯ ಮಧ್ಯಾಹ್ನ ಯಾವಾಗ ಆದೀತು ಎಂದು ಕಾಯತೊಡಗಿದ. ಕಡೆಗೆ ಆಕೆ ಕಣ್ಣು ಬರೆದಳು. ನವಿಲು ಒಮ್ಮೆ ಅವನನ್ನು ಕಣ್ತುಂಬ ನೋಡಿ, ಬೆಳಕಿಂಡಿಯಿಂದ ಹಾರಿಹೋಯಿತು. ಮರುದಿನ ಮಧ್ಯಾಹ್ನ ಯಾರೂ ಬರಲಿಲ್ಲ. ಹೆಂಡತಿ ಗೋಡೆಗೆ ಹೊಸ ಸುಣ್ಣ ಬಳಿದು, ಕೆಮ್ಮಣ್ಣು ಕಲೆಸಿಕೊಂಡು ಅದರ ಮುಂದೆ ಕೂತಿದ್ದಳು. ಗಂಡ ಹರವಿಯ ಹತ್ತಿರ ನಿಂತಿದ್ದ. ಈಗ ಒಮ್ಮೆ ಕರೆದರೆ ಸಾಕು, ಹೊಸ ನವಿಲಿಗೂ ಒಂದು ಕಾಲು ಕಡಿಮೆಯಾಗಿ ಅದು ಅವನ ಹತ್ತಿರ ಬಂದೇ ಬರುತ್ತದೆ. ಇಲ್ಲಿಗೆ ಅಜ್ಜಿ ನಿಲ್ಲಿಸುತ್ತಿದ್ದಳು. ‘ಕರಿಯಾಕೂ ಬಾಯಿ ಬೇಕು, ನೀರು ಕುಡಿಯಾಕೂ ಬಾಯಿ ಬೇಕು. ಅಂವ ಯಾವುದಕ್ಕ ಬಾಯಿ ತೆಗದನೋ ಶಿವಾ ಬಲ್ಲ’ ಎಂದು ಶೇಂಗಾ ಸಿಪ್ಪೆ ಝಾಡಿಸಿ ಏಳುತ್ತಿದ್ದಳು.

ನಾನು ಈ ಕಥೆಯನ್ನು ಕಂಡಕಂಡಲ್ಲಿ ಹೇಳಿ ನಗಿಸಿದ್ದೇನೆ. ಕೇಳಿದವರೆಲ್ಲ ನವಿಲು ಎಲ್ಲಿ ಹೋಯಿತು, ಗಂಡ ಕರೆದನೋ ಇಲ್ಲವೋ ಎಂದು ಕೇಳುತ್ತಾರೆ. ಹಾಲೇಶನೂ ಅದನ್ನೇ ಕೇಳಿದ. ಜಯಶ್ರೀ ಮಾತ್ರ ಅವರೆಕಾಯಿಯಿಂದ ತಲೆಯೆತ್ತದೆ, ‘ಮಾವಾರ, ಆ ಹೊಸಾ ಸುಣ್ಣದ ಮ್ಯಾಲ ಆಕಿ ಮುಂದ ಏನ್ ಬರದಳ್ರಿ?’ ಎಂದಳು. ಗೊತ್ತಿಲ್ಲವ್ವಾ, ನಮ್ಮಜ್ಜಿ ಹೇಳಲಿಲ್ಲ ಎಂದೆ. ‘ನೀವೂ ಕೇಳಲಿಲ್ಲ ಬಿಡ್ರಿ’ ಎಂದು ಸುಲಿದ ಕಾಳು ಎತ್ತಿಕೊಂಡು ಒಳಗೆ ಹೋದಳು. ಲೋಹಿತ ನನ್ನ ಮುಖ ನೋಡಿದ, ನಾನು ಹಾಲೇಶನ ಮುಖ ನೋಡಿದೆ. ಹಾಲೇಶ ಹೊತ್ತಾಯಿತು ಎಂದು ಎದ್ದ.

ನಿನ್ನೆ ಬೆಳಿಗ್ಗೆ ಏನಾಯಿತು ಕೇಳು. ಹಾಲೇಶ ತಾನೇ ನೀರು ಕುಡಿಯಲು ಒಳಗೆ ಹೋಗಿ, ಕುಡಿಯುವ ವಾಟೆ ಎಲ್ಲಿದೆ ತಿಳಿಯದೆ, ಹರವಿಗೇ ಬಾಯಿ ಹಚ್ಚಿ ಅಂಗಿ ತೊಯ್ಸಿಕೊಂಡನಂತೆ. ಅವನ ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ, ಜ್ವರ ಬಂದಿದೆಯೇ ಎಂದು ಕೇಳಿದಳಂತೆ. ನಮ್ಮ ಲೋಹಿತ ಹೆಂಡತಿಯನ್ನು ಕರೆಯದೆ ತಾನೇ ಚಹಾ ಮಾಡುತ್ತೇನೆಂದು ನಿಂತ. ಆಮೇಲೆ ಸಕ್ಕರೆ ಎಲ್ಲಿ ಎಂದು ಕರೆದ, ಚಹಾಪುಡಿ ಎಲ್ಲಿ ಎಂದು ಕರೆದ, ಸೋಸುವುದು ಯಾವುದರಲ್ಲಿ ಎಂದು ಕರೆದ. ಒಂದು ಚಹಾಕ್ಕೆ ಅಷ್ಟು ಸಲ ಅವನು ಎಂದೂ ಕರೆದಿರಲಿಲ್ಲ. ಜಯಶ್ರೀ ಕೂತಲ್ಲಿಂದಲೇ ಎಲ್ಲಕ್ಕೂ ಉತ್ತರ ಹೇಳಿದಳು, ಏಳಲಿಲ್ಲ. ಚಹಾ ಕುಡಿಯುವ ಹಾಗಿತ್ತು. ನಾನು ಅಂಗಳಕ್ಕೆ ಹೋಗಿ ನೋಡಿದೆ. ದನದ ಮನೆಯ ಹೊರಗೋಡೆಯ ಮುಂದೆ, ಕೈಯಲ್ಲಿ ಕೆಮ್ಮಣ್ಣಿನ ಬಟ್ಟಲು ಹಿಡಿದು ಕೂತಿದ್ದಳು. ಇನ್ನೂ ಯಾವ ಹಕ್ಕಿಯೂ ಇರಲಿಲ್ಲ, ಮೈ ಇಲ್ಲ, ಕತ್ತು ಇಲ್ಲ. ಮೊದಲು ಎರಡೂ ಕಾಲು ಬರೆದು ಮುಗಿಸಿದ್ದಳು.

ದೇವರು ನಿನ್ನ ಕಣ್ಣು, ಬೆರಳು, ಮೊಣಕಾಲು ಮೂರನ್ನೂ ಕಾಯಲಿ. ಮೇಡಮ್ಮನವರಿಗೆ ನಮಸ್ಕಾರ, ನಿನ್ನ ಹತ್ತಿರ ಹೊಲಿಗೆ ಕಲಿಯುವ ಹುಡುಗಿಯರಿಗೆ ಈ ಮುದುಕನ ಆಶೀರ್ವಾದ.

ನಿನ್ನ
ಗಿರಿಯಪ್ಪ

ತಾ. ಕ.: ಲೋಹಿತ ಪೇಟೆಗೆ ಹೊರಟು ಗಾಡಿ ಚಾಲೂ ಮಾಡಿದ್ದಾನೆ, ಪತ್ರ ಅವನ ಕೈಯಲ್ಲೇ ಟಪಾಲಿಗೆ ಹೋಗಬೇಕು. ಕೇಳಿದ್ದಕ್ಕೆ ಉತ್ತರ ಬರೆಯುವುದೇ ಉಳಿದಿತ್ತು. ವರ್ಷ ಪೂರ್ತಿ ಇರು. ಚೀಲ ತುಂಬುವ ಕೆಲಸ ಮುಗಿದ ಮೇಲೆ ರಾಣೆಬೆನ್ನೂರಿನಲ್ಲಿ ರೈಲು ಹತ್ತಿ ನಾನೇ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ, ದಾರಿ ಕೇಳಿಕೊಂಡು ಬರುತ್ತೇನೆ. ನಾನು ಬಾಗಿಲಲ್ಲಿ ಕಂಡರೆ ನೀನು ಏಳಬೇಡ.