ಇರುವವನ ಫೋಟೋಕ್ಕೆ ಹಾರ

ಚಿತ್ತವಾಡ್ಗಿ, ಹೊಸಪೇಟೆ
29 ಏಪ್ರಿಲ್, ಸೋಮವಾರ ಮಧ್ಯಾಹ್ನ

ಪ್ರೀತಿಯ ಹುಲಿಗೇಶಣ್ಣನಿಗೆ ನಿನ್ನ ತಂಗಿ ಪಂಪಾವತಿ ಬರೆಯುವುದು,

ಹೇಗಿದ್ದೀಯ ಅಣ್ಣಾ? ಚಳಿಗೆ ಕಾಲಿನ ಬೆರಳ ಸಂದಿಯಲ್ಲಿ ಚರ್ಮ ಸೀಳಿದೆ ಎಂದಿದ್ದೆ, ವಾಸಿಯಾಯಿತೇ? ಯುಗಾದಿಗೆ ಮುಂಚೆ ಕಳಿಸಿದ ಶೇಂಗಾ ಚಟ್ನಿಪುಡಿ ಮುಟ್ಟಿತೇ, ಇಲ್ಲ ದಾರಿಯಲ್ಲೇ ಯಾರಾದರೂ ತಿಂದರೇ? ಇಲ್ಲಿ ಬಿಸಿಲು ಎಷ್ಟಿದೆಯೆಂದರೆ ಮಧ್ಯಾಹ್ನ ಹೊಲಿಗೆ ಯಂತ್ರದ ಕಬ್ಬಿಣ ಮುಟ್ಟಲಾಗುವುದಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಎರಡು ಹೊತ್ತು ಊಟ ಮಾಡುತ್ತಾಳೆ, ನಿದ್ದೆಯೂ ಬರುತ್ತದೆ, ಅವಳ ಚಿಂತೆ ನಿನಗೆ ಬೇಡ. ನಿನ್ನ ಫೋನ್ ಬಂದು ಇಪ್ಪತ್ತಾರು ದಿನವಾಯಿತು. ಮೇಲಿನ ಠಾಣೆಗೆ ಹೋಗುತ್ತೇನೆ, ಅಲ್ಲಿ ಫೋನ್ ಹತ್ತುವುದಿಲ್ಲ, ಕಾಗದ ಬರೆದರೆ ಗಾಡಿ ಬಂದಾಗ ಸಿಗುತ್ತದೆ ಎಂದು ನೀನೇ ಹೇಳಿದ್ದರಿಂದ ಕಾಗದ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ಒಬ್ಬನೇ ನಗು, ಜೊತೆಯವರಿಗೆ ತೋರಿಸಬೇಡ. ನಾಲ್ಕು ಜನರ ಮುಂದೆ ಬಾಯಿ ಬಿಡದವಳು ಕಾಗದದಲ್ಲಿ ಮಾತ್ರ ನಿಲ್ಲಿಸುವುದೇ ಇಲ್ಲ ಎಂದು ರೇಗಿಸುತ್ತಿದ್ದೆಯಲ್ಲ, ಇವತ್ತೂ ನಿಲ್ಲಿಸುವುದಿಲ್ಲ.

ಊರಲ್ಲಿ ಲೋಕಸಭೆ ಚುನಾವಣೆಯ ಗದ್ದಲ ನಡೆದಿದೆ. ಮೇ ಏಳರ ಮಂಗಳವಾರ ಓಟು. ಎರಡು ತಿಂಗಳಿಂದ ನಾನು ಹೊಲಿದದ್ದೆಲ್ಲ ಪಕ್ಷದ ಶಾಲು, ಬಾವುಟ. ಬೆಳಿಗ್ಗೆ ಒಂದು ಪಕ್ಷದ್ದು, ಸಂಜೆ ಇನ್ನೊಂದರದ್ದು, ಯಂತ್ರ ಒಂದೇ, ದಾರ ಮಾತ್ರ ಬದಲು. ಬಟ್ಟೆ ಎಂಥದ್ದು ಅಂತೀಯ, ಹಿಡಿದು ನೋಡಿದರೆ ಆಚೆಯ ಗೋಡೆ ಕಾಣುತ್ತದೆ. ಬೆವರಿಗೆ ಬಣ್ಣ ಬಿಡುತ್ತದೆ. ದೇಶಭಕ್ತಿ ಎಲ್ಲ ಕುತ್ತಿಗೆಯಿಂದ ಇಳಿದು ಬನಿಯನ್ನಿಗೆ ಹತ್ತಿರುತ್ತದೆ, ಅವರ ಹೆಂಡಿರು ಅದನ್ನು ಕಲ್ಲಿಗೆ ಬಡಿದು ತೊಳೆಯುತ್ತಾರೆ. ಈ ಸಲ ನೀರಿನ ಮಾತಿಲ್ಲ, ಕೆಲಸದ ಮಾತಿಲ್ಲ, ಬರೀ ಗಡಿಯ ಮಾತು. ಚಹಾದಂಗಡಿಯ ನೆರಳಲ್ಲಿ ಕೂತು ದಿನಕ್ಕೊಂದು ಯುದ್ಧ ಮಾಡುತ್ತಾರೆ. ಚಹಾ ಬರುವಷ್ಟರಲ್ಲಿ ಎರಡು ಬೆಟ್ಟ ಗೆದ್ದಿರುತ್ತಾರೆ. ನೀನು ಕಾಯುವ ಆ ಬೆಟ್ಟಕ್ಕೆ ಹೆಸರೇನು, ಅಲ್ಲಿ ಕುಡಿಯುವ ನೀರು ಎಲ್ಲಿಂದ ತರುತ್ತಾರೆ ಎಂದು ಯಾರೂ ಒಂದು ದಿನ ಕೇಳಿಲ್ಲ. ನಮ್ಮ ವಾರ್ಡಿನ ಮುಖಂಡ ಭರಮಣ್ಣ ಮೈಕ್ ಸಿಕ್ಕಲ್ಲೆಲ್ಲ ನಮ್ಮ ನೆಲದ ಒಂದು ಇಂಚನ್ನೂ ಬಿಡುವುದಿಲ್ಲ ಎನ್ನುತ್ತಾನೆ. ಬಿಡುವುದಿಲ್ಲ ಎನ್ನುವುದು ನಿಜ. ನೀನು ಹೋದಮೇಲೆ ಅವನು ತನ್ನ ಕಾಂಪೌಂಡು ಗೋಡೆಯನ್ನು ಓಣಿಗೆ ಎರಡಡಿ ತಂದಿದ್ದಾನೆ. ಈಗ ಆಟೋ ಒಳಗೆ ಬರುವುದಿಲ್ಲ, ನೀರಿನ ಟ್ರ್ಯಾಕ್ಟರೂ ಬರುವುದಿಲ್ಲ. ಅಮ್ಮ ಕೊಡ ಹೊತ್ತು ತಿರುವಿನವರೆಗೆ ನಡೆಯುತ್ತಾಳೆ.

ಲಿಂಗರಾಜ್ ನೆನಪಿದ್ದಾನಲ್ಲ? ಸೇನಾ ಭರ್ತಿಗೆ ನಿನ್ನ ಜೊತೆ ಬಳ್ಳಾರಿಗೆ ಬಂದು, ಓಟದ ಎರಡನೇ ಸುತ್ತಿಗೇ ಹೊಟ್ಟೆ ಹಿಡಿದು ಮೈದಾನದ ಅಂಚಿನಲ್ಲಿ ಕೂತವನು. ಈಗ ಭರಮಣ್ಣನ ಹಿಂದೆ ಓಡುತ್ತಾನೆ, ಏದುಸಿರೂ ಬರುವುದಿಲ್ಲ. ಹಂಪಿ ಬಜಾರಿನಲ್ಲಿ ಫಾರಿನ್ನಿನವರಿಗೆ ಮಾರುವ ಮಿಲಿಟರಿ ಬಣ್ಣದ ಪ್ಯಾಂಟು ತಂದು ಅದನ್ನೇ ದಿನವೂ ತೊಡುತ್ತಾನೆ. ಹೋದ ಸೋಮವಾರ ಮನೆಗೆ ಬಂದು, “ನಿಮ್ಮಣ್ಣ ಅಲ್ಲಿ ಗಡಿ ಕಾಯ್ತಾನ, ನಾವು ಇಲ್ಲಿ ಕಾಯ್ತೀವಿ ಪಂಪೀ” ಎಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತ. ಮೂರು ದಿನ ಬಿಟ್ಟು ಮೈದಾನದಲ್ಲಿ ದೊಡ್ಡ ಸಭೆ ಇದೆ, ಯೋಧನ ತಾಯಿಗೆ ಸನ್ಮಾನ, ಅದಕ್ಕೆ ನಿನ್ನ ಫೋಟೋ ಬೇಕು ಎಂದ. ನನಗೆ ಕೊಡುವ ಮನಸ್ಸಿರಲಿಲ್ಲ. ಆದರೆ ಅಮ್ಮನ ಮುಖ ನೋಡಿದೆ. ಗಣಿ ಲಾರಿಯ ಧೂಳು ಕುಡಿದು ಅಪ್ಪ ಸತ್ತಾಗ ಈ ಊರಿನವರು ಯಾರೂ ಒಂದು ಕುರ್ಚಿ ಹಾಕಿ ಕೂರಿಸದಿದ್ದ ಹೆಂಗಸು ಅವಳು. ಮಗನ ಹೆಸರಿನಲ್ಲಿ ಒಂದು ದಿನ ಕುರ್ಚಿ ಸಿಗುತ್ತದೆ ಎಂದರೆ ಹೇಗೆ ಬೇಡ ಎನ್ನಲಿ? ಗೋಡೆಯಿಂದ ತಾನೇ ಇಳಿಸಿ, ಸೆರಗಿನಿಂದ ಒರೆಸಿ ಕೊಟ್ಟಳು. ಅಪ್ಪನ ಫೋಟೋಕ್ಕೆ ಹಾರ ಇದೆ, ಪಕ್ಕದ ನಿನ್ನ ಫೋಟೋಕ್ಕೆ ಇಲ್ಲ ಎಂದು ಲಿಂಗರಾಜ್ ಕಣ್ಣಾರೆ ನೋಡಿಯೇ ತೆಗೆದುಕೊಂಡು ಹೋದ. ಹೋದ ದಸರಾದಲ್ಲಿ ನಿನ್ನ ಫೋಟೋಕ್ಕೆ ಒಂದು ಚೆಂಡುಹೂ ಸಿಕ್ಕಿಸಲು ಹೋಗಿ ನಾನು ಅಮ್ಮನ ಕೈಯಲ್ಲಿ ಬೈಸಿಕೊಂಡಿದ್ದೆ. “ಇದ್ದವರಿಗೆ ಹೂವು ಕೈಯಾಗ ಕೊಡ್ತಾರ, ಪಟಕ್ಕಲ್ಲ” ಎಂದಿದ್ದಳು.

ಗುರುವಾರ ಸಂಜೆ ಅಮ್ಮ ನೀನು ತಂದ ಹಸಿರು ಸೀರೆ ಉಟ್ಟಳು. ನಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ನಿರೂಪಣೆಗೆ ಹೊರಗಿನಿಂದ ಯಾರನ್ನೋ ಕರೆಸಿದ್ದರು, ಗಂಟಲು ಒಳ್ಳೆಯದಿತ್ತು. ಅವನಿಗೆ ಲಿಂಗರಾಜ್ ಒಂದು ಚೀಟಿ ಬರೆದುಕೊಟ್ಟಿದ್ದ, ಅದರಲ್ಲಿ ಇದ್ದದ್ದು ಯೋಧ ಹುಲಿಗೇಶನ ತಾಯಿ ಉಚ್ಚಂಗೆಮ್ಮ ಎಂದಷ್ಟೇ. ಅವನಿಗೂ, ವೇದಿಕೆ ಕಟ್ಟಿದವರಿಗೂ ಅಷ್ಟು ಸಾಕಾಯಿತು. ಬದುಕಿರುವ ಸೈನಿಕನ ತಾಯಿಯನ್ನು ಯಾವ ಪಕ್ಷ ವೇದಿಕೆಗೆ ಕರೆಯುತ್ತದೆ ಹೇಳು? ಅಮ್ಮನನ್ನು ಕೈಹಿಡಿದು ಮೇಲೆ ಹತ್ತಿಸಿ, ಒಂದು ಬಟ್ಟೆ ಎಳೆದರು. ಬಾಗಿಲಷ್ಟು ದೊಡ್ಡ ನಿನ್ನ ಫೋಟೋ. ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ, ಮುಂದೆ ದೀಪ, ಊದಿನಕಡ್ಡಿ. ದೇಶಕ್ಕಾಗಿ ಪ್ರಾಣ ಕೊಟ್ಟ ಈ ನೆಲದ ಮಗನಿಗೆ ಒಂದು ನಿಮಿಷದ ಮೌನ ಎಂದು ಅವನು ಆ ಒಳ್ಳೆಯ ಗಂಟಲಿನಲ್ಲಿ ಹೇಳಿದ. ಕುರ್ಚಿಗಳೆಲ್ಲ ಒಮ್ಮೆಗೇ ಕಿರುಗುಟ್ಟಿದವು. ಮೈದಾನ ತುಂಬ ಜನ ಎದ್ದು ನಿಂತರು, ಕಡಲೆಕಾಯಿ ತಿನ್ನುತ್ತಿದ್ದವರೂ ಕೈ ನಿಲ್ಲಿಸಿದರು. ಅಮ್ಮ ಮೊದಲು ಫೋಟೋ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಳಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ವೇದಿಕೆಯ ಹಲಗೆಯ ಮೇಲೆ ಮೆಲ್ಲಗೆ ಕೂತುಬಿಟ್ಟಳು. ಕ್ಯಾಮೆರಾದವನು ಮಂಡಿಯೂರಿ ಅವಳ ಮುಖಕ್ಕೇ ಹತ್ತಿರ ಹೋದ.

ವೇದಿಕೆಯ ಮೆಟ್ಟಿಲ ಹತ್ತಿರ ಲಿಂಗರಾಜ್ ನಿಂತಿದ್ದ. ಮೌನ ಮುಗಿಯುತ್ತಲೇ ಅವನ ಅಂಗಿ ಹಿಡಿದು, ನಿನಗೆ ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕೇಳಿದೆ. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಾಲಿಗೆ ಕಚ್ಚಿಕೊಂಡು ನಕ್ಕ, ಅಣ್ಣಾ, ನಕ್ಕ. ಯಾರೂ ಏನೂ ಹೇಳಿಲ್ಲ, ವೇದಿಕೆಯವರು ಹಾಗೆ ತಿಳಿದುಕೊಂಡಿದ್ದಾರೆ, ಅಷ್ಟೇ ಎಂದ. ಮೇಲೆ ಹೋಗಿ ಹೇಳು ಎಂದರೆ, “ಲೈವ್ ಹೋಗಾಕತ್ತೈತಿ ಪಂಪೀ, ಈಗ ಬ್ಯಾಡ. ಎಲ್ಲಾ ಮುಗೀಲಿ, ಆಮ್ಯಾಲೆ ಹೇಳಿದ್ರಾತು” ಎಂದ. ನನಗೆ ಏನಾಯಿತೋ ಗೊತ್ತಿಲ್ಲ. ಅಂಗಡಿಗೆ ಹೋಗಿ ಸೂಜಿ ಕೇಳಲೂ ನಾಚುವವಳು ಅಷ್ಟು ಸಾವಿರ ಜನರ ಮುಂದೆ ಮೆಟ್ಟಿಲು ಹತ್ತಿ, ನಿನ್ನ ಕೊರಳ ಹಾರ ಎಳೆದು ತೆಗೆದೆ. “ನಮ್ಮಣ್ಣ ಸತ್ತಿಲ್ರಿ” ಎಂದೆ. ನನ್ನ ಹತ್ತಿರ ಮೈಕ್ ಇರಲಿಲ್ಲ. ಮುಂದಿನ ಮೂರು ಸಾಲಿಗೆ ಕೇಳಿಸಿತು. ಅವರು ಏನು ಮಾಡಿದರು ಗೊತ್ತೇ? ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಿಂದಿನವರು ಜೈಕಾರ ಕೂಗಿದಾಗ ತಾವೂ ಕೂಗಿದರು. ನೀನು ಅಮರ ಎಂದು ಕೂಗಿದರು. ನಿರೂಪಕ, ತಂಗಿಯ ದುಃಖ ನೋಡಲಾಗುವುದಿಲ್ಲ ಎಂದು ಕಣ್ಣೊರೆಸಿಕೊಂಡ. ಆಮೇಲೆ ಭರಮಣ್ಣ ಎದ್ದು ಅದೇ ಒಂದು ಇಂಚು ನೆಲದ ಭಾಷಣ ಮಾಡಿದ.

ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಅಮ್ಮನಿಗೆ ಹೇಳಿದೆ, ಅದು ಅವರ ತಪ್ಪು, ಸುದ್ದಿ ಏನೂ ಬಂದಿಲ್ಲ ಎಂದು. ಅವಳು ಹೂಂ ಎಂದಳು. ಅಷ್ಟರಲ್ಲಿ ಆ ವಿಡಿಯೋ ನಮಗಿಂತ ಮುಂಚೆ ಮನೆ ಮುಟ್ಟಿತ್ತು. ಮಾರನೇ ಬೆಳಿಗ್ಗೆ ಕಂಪ್ಲಿಯಿಂದ ಎರ್ರಿಯಪ್ಪ ಮಾವ ಬರಿಗಾಲಲ್ಲಿ ಬಂದು ಹೊರಗೇ ನಿಂತ. ಸಾವಿನ ಮನೆಗೆ ಬಂದವರು ನಿಲ್ಲುತ್ತಾರಲ್ಲ, ಹಾಗೆ. ಸಂಡೂರಿನ ಹೊಳೆಮ್ಮತ್ತೆ ಓಣಿಯ ತಿರುವಿನಿಂದಲೇ ನಿನ್ನ ಹೆಸರು ಹಿಡಿದು ಹಾಡಿಕೊಂಡು ಅಳುತ್ತ ಬಂದಳು. ನೀನು ಚಿಕ್ಕವನಿದ್ದಾಗ ಅವಳ ಮನೆಯ ಬೆಲ್ಲ ಕದ್ದದ್ದನ್ನೂ ಸೇರಿಸಿ ಅತ್ತಳು. ನೀನು ಸತ್ತಿಲ್ಲ ಎಂದು ನಾನು ಹೇಳಿದಮೇಲೂ ಎತ್ತಿದ ಹಾಡನ್ನು ನಡುವೆ ಬಿಡಬಾರದೆಂದು ಕೊನೆಯವರೆಗೆ ಮುಗಿಸಿದಳು. ಆಮೇಲೆ ಮೂಗು ಒರೆಸಿಕೊಂಡು, “ಇಲ್ಲದ ಸಾವಿನ ಸುದ್ದಿ ಬಂದ್ರ ಆಯುಷ್ಯ ಗಟ್ಟಿ ಆಕ್ಕೈತಿ ಬಿಡವ್ವಾ, ಇನ್ನ ಅವ ನನ್ನೂ ಮಣ್ಣು ಮಾಡಿನಾ ಹೋಗಾಂವ” ಎಂದು ಎರಡು ರೊಟ್ಟಿ ತಿಂದಳು. ಅವಳನ್ನು ಮಾತ್ರ ನಾನು ತೆಗಳುವುದಿಲ್ಲ. ಈ ಇಡೀ ವಾರದಲ್ಲಿ ನಿನಗಾಗಿ ಪುಕ್ಕಟೆ ಅತ್ತವಳು ಅವಳೊಬ್ಬಳೇ.

ಶನಿವಾರ ಲಿಂಗರಾಜ್ ಬಂದ. ನಿನ್ನ ಫೋಟೋ ವಾಪಸ್ ತಂದಿದ್ದ, ಜೊತೆಗೆ ಒಂದು ಕುಕ್ಕರು. ತಪ್ಪಾಯಿತು ಎನ್ನುತ್ತಾನೆ ಎಂದುಕೊಂಡೆ. ಅವನು ಹೇಳಿದ್ದು, ಏಳನೇ ತಾರೀಖಿನವರೆಗೆ ಸುಮ್ಮನಿರಿ, ವಿಡಿಯೋ ಭಾಳ ಓಡಿದೆ, ಈಗ ಇಲ್ಲ ಎಂದರೆ ಸೇನೆಗೇ ಅವಮಾನ ಎಂದು. ಓಟು ಮುಗಿದಮೇಲೆ ನೀನು ಬದುಕಬಹುದಂತೆ. ಅಮ್ಮ ಕುಕ್ಕರನ್ನು ಹೊಸ್ತಿಲ ಆಚೆ ಇಟ್ಟಳು. ಅವನು ಹೋಗುವಾಗ, ಸೈನಿಕನ ಮನೆಯವರಿಗೇ ದೇಶ ಬೇಡವಾದರೆ ಹೇಗೆ ಎಂದು ಓಣಿಗೆ ಕೇಳುವ ಹಾಗೆ ಹೇಳಿ ಹೋದ. ಕುಕ್ಕರು ಮರೆಯದೆ ತೆಗೆದುಕೊಂಡು ಹೋದ. ಅದೇ ಸಂಜೆ ಎದುರು ಪಕ್ಷದವರು ಬಂದರು. ನಮಗಾದ ಅನ್ಯಾಯ ಕೇಳಿ ಅವರ ಎದೆ ಒಡೆದಿತ್ತಂತೆ. ಅಮ್ಮ ಕಂಪ್ಲಿಯ ಸಭೆಗೆ ಬಂದು, ಇವರು ನನ್ನ ಮಗನನ್ನು ಬದುಕಿದ್ದಾಗಲೇ ಕೊಂದರು ಎಂದು ಅಷ್ಟೇ ಹೇಳಬೇಕಂತೆ, ಸ್ವಲ್ಪ ಅತ್ತರೆ ಒಳ್ಳೆಯದಂತೆ. ಫೋಟೋ ಇದೆಯೇ ಎಂದೂ ಕೇಳಿದರು. ಬಣ್ಣ ಬೇರೆ, ಬಟ್ಟೆ ಅದೇ ಎಂದು ಹೊಲಿದವಳಿಗೆ ಮೊದಲೇ ಗೊತ್ತಿತ್ತು. ಇಬ್ಬರ ಶಾಲುಗಳನ್ನೂ ಹೊಲಿಯದೆ ಹಾಗೇ ಕಟ್ಟಿ ಕಳಿಸಿಬಿಟ್ಟೆ.

ಇನ್ನೊಂದು ಮಾತು ನಿನಗೆ ಗೊತ್ತಿರಬೇಕು. ಓಣಿಯ ತಿರುವಿನಲ್ಲಿ ಸಮವಸ್ತ್ರದ ನಿನ್ನ ಫೋಟೋ ಇರುವ ಫ್ಲೆಕ್ಸ್ ಕಟ್ಟಿದ್ದರು, ಕೆಳಗೆ ಭರಮಣ್ಣ ಕೈ ಮುಗಿದಿದ್ದ. ನಿನ್ನ ಸಾಹೇಬರು ನೋಡಿ ಕೇಳಿದರೆ, ಓಟಿಗೆಂದು ನಾವು ಕೊಟ್ಟದ್ದಲ್ಲ ಎಂದು ಈ ಕಾಗದ ತೋರಿಸು. ನಿನ್ನೆ ಹಗಲು ಹನ್ನೊಂದಕ್ಕೆ, ಚಹಾದಂಗಡಿಯಲ್ಲಿ ಯುದ್ಧ ನಡೆಯುತ್ತಿರುವಾಗಲೇ, ಬಟ್ಟೆ ಕತ್ತರಿಸುವ ಕತ್ತರಿ ಒಯ್ದು ಅದರ ಹಗ್ಗ ಕತ್ತರಿಸಿದೆ. ಗಡಿ ಕಾಯುವವರು ಒಬ್ಬರೂ ಎದ್ದು ಬರಲಿಲ್ಲ. ನಿನ್ನ ಮುಖ ಒಳಗೆ ಬರುವ ಹಾಗೆ ಮಡಿಚಿ ತಂದಿದ್ದೇನೆ. ಭರಮಣ್ಣ ಹೊರಗಿದ್ದಾನೆ. ಮಳೆಗಾಲಕ್ಕೆ ಸೌದೆಯ ಮೇಲೆ ಹೊದಿಸುತ್ತೇನೆ.

ಎರ್ರಿಯಪ್ಪ ಮಾವ, ಹೊಳೆಮ್ಮತ್ತೆ ನಿನ್ನನ್ನು ಕೇಳಿದ್ದಾರೆ. ಅಮ್ಮ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳೆ, ಆ ತಾಯಿ ನಿನ್ನ ಬೆನ್ನಿಗಿರಲಿ. ಕಾಲು ಒಣಗಿಸಿಕೋ, ಹಸಿ ಸಾಕ್ಸು ಹಾಕಬೇಡ.

ನಿನ್ನ ತಂಗಿ,
ಪಂಪಿ

ಅಂಚೆ ಡಬ್ಬಿಯವರೆಗೆ ಹೋಗಿ ತಿರುಗಿ ಬಂದು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದದ್ದು ಸುಳ್ಳು. ಗುರುವಾರದಿಂದ ಚಹಾ ಬಿಟ್ಟು ಏನೂ ಮುಟ್ಟಿಲ್ಲ. ನೀನು ಕೊಟ್ಟಿದ್ದ ಆಫೀಸಿನ ನಂಬರಿಗೆ ಫೋನ್ ಮಾಡಿದೆ, ಎಲ್ಲ ಸರಿಯಿದೆ ಎಂದು ಹಿಂದಿಯಲ್ಲಿ ಹೇಳಿ ಇಟ್ಟರು. ಅಮ್ಮ, “ಎಲ್ಲಾರಿಗೂ ಹಂಗ ಹೇಳ್ತಾರ” ಎಂದಳು. ಅವಳು ನೀರಿಗೆ ಹೋದಾಗ ನಿನ್ನ ಫೋನ್ ಬಂದಿತ್ತು ಎಂದೂ ಹೇಳಿ ನೋಡಿದೆ, ನನ್ನ ಮುಖ ನೋಡಿ ಕೊಡ ಇಳಿಸಿ ಒಳಗೆ ಹೋದಳು. ಲಿಂಗರಾಜ್ ತಂದುಕೊಟ್ಟ ಫೋಟೋವನ್ನು ಗೋಡೆಗೆ ಹಾಕಲು ಬಿಡುತ್ತಿಲ್ಲ, ಹಸಿರು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಹಾರ ಹಾಕಿ ತೂಗಬೇಕೋ ಹಾರವಿಲ್ಲದೆ ತೂಗಬೇಕೋ ಗೊತ್ತಾಗಲಿ ಎನ್ನುತ್ತಾಳೆ. ಅಣ್ಣಾ, ಆ ಒಂದು ನಿಮಿಷ ನಾನೂ ಎದ್ದು ನಿಂತಿದ್ದೆ. ಎಲ್ಲರ ಹಾಗೆ ತಲೆ ತಗ್ಗಿಸಿ ನಿಂತಿದ್ದೆ, ನಂಬಿದ್ದೆ. ಅವರನ್ನು ಇಷ್ಟೆಲ್ಲ ಬೈದದ್ದು ಅದಕ್ಕೇ ಇರಬಹುದು. ಸಾಹೇಬರಿಂದ ಬರೆಸಬೇಡ, ಬೇರೆಯವರ ಫೋನಿನಿಂದ ಸುದ್ದಿ ಕಳಿಸಬೇಡ. ಈ ಕಾಗದದ ಹಿಂದೆ ಜಾಗ ಬಿಟ್ಟಿದ್ದೇನೆ, ನಿನ್ನ ಕೈಯಿಂದ ನಿನ್ನ ಹೆಸರು ಬರೆದು, ಕೆಳಗೆ ಯಾವಾಗಲೂ ಎಳೆಯುವ ಎರಡು ಗೆರೆ ಎಳೆದು ಇದನ್ನೇ ವಾಪಸ್ ಕಳಿಸು. ಅಮ್ಮನಿಗೆ ಓದಲು ಬರುವುದಿಲ್ಲ, ಆದರೆ ಆ ಗೆರೆ ಗೊತ್ತು. ಗೋಡೆಯ ಮೊಳೆ ಹಾಗೇ ಇದೆ.