ಅವ್ವ ಚಂದ್ರನಿಗಾಗಿ ಕಾದ ಸಂಜೆ

ಅರಸೀಕೆರೆ
೯ ನವೆಂಬರ್ ೨೦೨೨, ಬುಧವಾರ ಮಧ್ಯಾಹ್ನ

ಪ್ರೀತಿಯ ಅರುಣ್,

‘ಕಾಣದಿದ್ದರೇನು, ಮೋಡದ ಹಿಂದೆ ಚಂದ್ರ ಇದ್ದೇ ಇರುತ್ತಾನೆ’ ಎಂದೋ, ಹೆಚ್ಚು ಕಡಿಮೆ ಹಾಗೆಯೋ ಒಂದು ಸಾಲು. ಎಲ್ಲಿ ಓದಿದ್ದೆನೋ, ಎಂ.ಎ. ಓದುವಾಗ ಹಾಸ್ಟೆಲಿನ ಯಾರ ಬಾಯಲ್ಲಿ ಕೇಳಿದ್ದೆನೋ, ಮುಂದಿನ ಸಾಲಂತೂ ಪೂರಾ ಅಳಿಸಿಹೋಗಿದೆ. ನಿನ್ನೆ ಸಂಜೆಯವರೆಗೂ ಅದನ್ನು ಒಳ್ಳೆಯ ಸಾಲೆಂದೇ ನಂಬಿದ್ದೆ. ಈಗ ಅನುಮಾನ ಬಂದಿದೆ. ಇದ್ದರೆ ಸಾಕೇ? ಕಾಣುವುದು ಬೇಡವೇ? ಅದನ್ನು ಬರೆದವರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ ಇರಲಿಲ್ಲ ಎಂದು ಕಾಣುತ್ತದೆ.

ಮೊದಲು ನಿಮ್ಮನ್ನು ವಿಚಾರಿಸಬೇಕಿತ್ತು. ನೆಲದ ಮೇಲೆ ಅಷ್ಟು ಹೊತ್ತು ಕೂರುವುದಕ್ಕೆ ಮಂಡಿ ಒಪ್ಪುತ್ತಿದೆಯೇ? ಮಾವ ಹೋದ ಮೇಲೆ ನಿಮಗೆ ನೆಟ್ಟಗೆ ನಿದ್ದೆಯೇ ಬಂದಿಲ್ಲ. ಅಲ್ಲಿಯಾದರೂ ಬಂತೇ? ಧ್ಯಾನದ ಶಿಬಿರದಲ್ಲಿ ಹತ್ತು ದಿನ ಮಾತಿಲ್ಲ, ಫೋನಿಲ್ಲ ಎಂದು ತಿಳಿದೇ ನಿಮ್ಮನ್ನು ಕಳಿಸಿಕೊಟ್ಟವಳು ನಾನು. ಆದರೂ ದಿನಕ್ಕೆ ಎರಡು ಸಲವಾದರೂ ನಿಮ್ಮ ನಂಬರು ಒತ್ತಿ, ‘ಸ್ವಿಚ್ ಆಫ್ ಆಗಿದೆ’ ಎಂಬ ಆ ಹೆಣ್ಣುದನಿ ಕೇಳಿ ಇಟ್ಟುಬಿಡುತ್ತೇನೆ. ಕೊನೆಯ ದಿನ ಫೋನು ವಾಪಸು ಕೊಡುವಾಗ ಕಾಗದವನ್ನೂ ಕೊಡುತ್ತೇವೆ ಎಂದು ಕಚೇರಿಯವರು ಹೇಳಿದ್ದಾರೆ. ಅದಕ್ಕೇ ಇದು. ಬಸ್ಸಿನಲ್ಲಿ ಕೂತು ಓದಿ, ಇಳಿಯುವ ಹೊತ್ತಿಗೆ ನನ್ನನ್ನು ಬೈಯಬೇಕೋ ಬೇಡವೋ ತೀರ್ಮಾನಿಸಿಕೊಂಡು ಬನ್ನಿ. ಅವ್ವ ಊಟ ಮಾಡಿ ನಡುಮನೆಯಲ್ಲಿ ಮಲಗಿದ್ದಾರೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದುಹೋಗಿ ಉಸಿರು ನೋಡಿ ಬಂದೆ.

ನಿನ್ನೆ ಕಾರ್ತಿಕ ಹುಣ್ಣಿಮೆ, ಚಂದ್ರಗ್ರಹಣ. ಇಲ್ಲಿಗೆ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಆರೂಕಾಲರ ಹೊತ್ತಿಗೆ ಬಿಡುತ್ತದೆ ಎಂದು ಟೀವಿಯಲ್ಲಿ ಬೆಳಿಗ್ಗೆಯಿಂದ ಹೇಳುತ್ತಿದ್ದರು. ಅವ್ವ ಈ ವಿಷಯದಲ್ಲಿ ಹೇಗೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಾವ ದೀಕ್ಷೆ ತಗೊಂಡ ವರ್ಷ ಪಟಗಳನ್ನೆಲ್ಲ ಇಳಿಸಿ ಬುದ್ಧನನ್ನೂ ಬಾಬಾಸಾಹೇಬರನ್ನೂ ಗೋಡೆಗೆ ಹಾಕಿದಾಗ ಅವ್ವ ಒಂದು ಮಾತೂ ಆಡಲಿಲ್ಲವಂತೆ. ಹರಕೆ ಬಿಟ್ಟರು, ಶನಿವಾರ ಬಿಟ್ಟರು, ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತುವುದನ್ನೂ ಬಿಟ್ಟರು. ಗ್ರಹಣ ಮಾತ್ರ ಬಿಡಲಿಲ್ಲ. ಮಾವ ಜಗಲಿಯಲ್ಲಿ ಕೂತು ನಾಲ್ಕು ಜನಕ್ಕೆ ಕಾಣುವಂತೆ ಗ್ರಹಣದ ಹೊತ್ತಿನಲ್ಲೇ ಮುದ್ದೆ ಉಂಡರೆ, ಅವ್ವ ಬಡಿಸಿ, ಒಳಗೆ ಹೋಗಿ, ಹಸಿದುಕೊಂಡು ಕೂರುತ್ತಿದ್ದರು. ನಿನ್ನೆಯೂ ನಾನು ಭೂಮಿಯ ನೆರಳು, ಚಂದ್ರನ ದಾರಿ ಎಂದೆಲ್ಲ ಟೀಚರಮ್ಮನ ಹಾಗೆ ಶುರು ಮಾಡಿದೆ. ಅವ್ವ ಅವರೆಕಾಯಿ ಸುಲಿಯುತ್ತಲೇ ಹೇಳಿದರು: “ದೇವ್ರನ್ನ ಬಿಡು ಅಂದ್ರು ನಿಮ್ಮಾವ, ಬಿಟ್ಟೆ. ಚಂದ್ರ ಏನು ದೇವ್ರಾ? ಕಣ್ಣೆದುರಿಗವ್ನೆ. ನೆಳ್ಳೇ ಆಗ್ಲಿ, ಹಾವೇ ಆಗ್ಲಿ, ಅವ್ನಿಗೆ ಕಷ್ಟ ಬಂದೈತೆ. ಎದುರು ಮನೇಲಿ ಕಷ್ಟ ಆಗ್ತಿದ್ರೆ ನೀನು ತಟ್ಟೆ ಮುಂದೆ ಕೂತ್ಕತೀಯೇನೆ?” ಇಷ್ಟು ಕವಿತೆ ಓದಿದ್ದೇನಲ್ಲ, ಹೀಗೆ ಯೋಚಿಸಿದವರು ಒಬ್ಬರೂ ನೆನಪಿಗೆ ಬರಲಿಲ್ಲ.

ನಾನು ಎಡವಿದ್ದು ಆಮೇಲೆ. ಎಂದಿನಂತೆ ಸಂಜೆ ಆರಕ್ಕೆ ಇನ್ಸುಲಿನ್ ಚುಚ್ಚಿದೆ. ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಆರೂಕಾಲಿಗೆ ಗ್ರಹಣ ಬಿಡುತ್ತದೆ, ಕೈಕಾಲು ತೊಳೆದು ಆರೂವರೆಗೆ ಉಣ್ಣುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಟೀವಿಯವರು ಬಿಟ್ಟಿತು ಎಂದರೆ ಬಿಟ್ಟಂತೆ ಎಂದುಕೊಂಡಿದ್ದೆ. ಅವ್ವನಿಗೆ ಅದು ಸಾಲದು, ಬಿಡಿಸಿಕೊಂಡು ಬಂದ ಚಂದ್ರನನ್ನು ಅವರೇ ಕಣ್ಣಾರೆ ನೋಡಬೇಕು ಎಂಬುದು ಚುಚ್ಚುವಾಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಮೂರು ದಿನದಿಂದ ಇಲ್ಲಿ ಮೋಡ. ಕೊಯ್ದ ರಾಗಿ ನೆನೆಯಿತೆಂದು ಗಂಡಸಿ ಹೋಬಳಿಯ ಕಡೆಯವರೆಲ್ಲ ಅಳುತ್ತಿದ್ದಾರೆ. ಅವ್ವನ ತೋಳು ಹಿಡಿದು ಮೆಟ್ಟಿಲು ಹತ್ತಿಸಿ ತಾರಸಿಗೆ ಹೋಗಿ ನೋಡಿದರೆ ಪೂರ್ವಕ್ಕೆ ಒದ್ದೆ ಕಂಬಳಿ ಹೊದಿಸಿದ ಹಾಗಿತ್ತು. ಬೆಟ್ಟವೇ ಕಾಣದ ಮೇಲೆ ಚಂದ್ರ ಎಲ್ಲಿ ಕಾಣಬೇಕು?

ಕುರ್ಚಿ ತಂದು ಕೂರಿಸಿದೆ. ಒಮ್ಮೆ ಮೋಡ ತೆಳುವಾಗಿ ಒಂದು ಕಡೆ ಬೆಳ್ಳಗಾಯಿತು. ಇಬ್ಬರೂ ಎದ್ದು ನಿಂತೆವು. ಯಾರೋ ಬಾಗಿಲು ತೆರೆಯುವವರಂತೆ ಮಾಡಿ, ಮನಸ್ಸು ಬದಲಾಯಿಸಿದ ಹಾಗೆ ಮತ್ತೆ ಮುಚ್ಚಿಕೊಂಡಿತು. ಆರೂವರೆ ದಾಟಿತು. ಗ್ಲೂಕೋಸ್ ಪುಡಿ ಕಲಸಿ ತಂದರೆ ಅವ್ವ ಬಾಯಿ ಬಿಗಿದರು. ಬೆರಳು ಚುಚ್ಚಿ ನೋಡುತ್ತೇನೆಂದರೆ ಮಾತ್ರ ಕೈ ಚಾಚಿದರು: “ರಕ್ತ ಬೇಕಾದ್ರೆ ತಗೋ, ಅದೇನು ಊಟ ಅಲ್ವಲ್ಲ.” ಎಂಬತ್ತನಾಲ್ಕು ತೋರಿಸಿತು. ಆಮೇಲೆ ಎಪ್ಪತ್ತೊಂದು. ಹಳೇಬೀಡಿಗೆ ನಿಮ್ಮ ಸೋದರಮಾವನಿಗೆ ಫೋನು ಮಾಡಿದೆ. ಜವರಯ್ಯಮಾವ ಕೆರೆ ಏರಿಯ ಮೇಲೇ ಇದ್ದರು. “ಇಲ್ಲಿ ಬೆಳ್ಳಗೆ ತಟ್ಟೆಯಂಗೆ ಬಂದವ್ನೆ ಕಣವ್ವ, ಅಕ್ಕಂಗೆ ಉಣ್ಣಾಕೆ ಹೇಳು” ಎಂದು ಕೂಗಿದರು. ಅದನ್ನು ಹೇಳಿದರೆ ಅವ್ವ, “ಹಳೇಬೀಡಲ್ಲಿ ಕಂಡ್ರೆ ಹಳೇಬೀಡ್ನೋರು ಉಣ್ಲಿ” ಎಂದುಬಿಟ್ಟರು. ಪಾಪ, ಜವರಯ್ಯಮಾವ ಫೋಟೋ ತೆಗೆದು ವಾಟ್ಸಾಪಿಗೂ ಹಾಕಿದರು. ಅವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟು, “ಹಂಗಾದ್ರೆ ಮುದ್ದೆದೂ ಒಂದು ಫೋಟೋ ತೋರ್ಸು, ಹೊಟ್ಟೆ ತುಂಬಿಸ್ಕತೀನಿ” ಎಂದರು. ಪಕ್ಕದ ಮನೆಯ ಮಹದೇವಮ್ಮ ಅವರ ತಾರಸಿಯಲ್ಲಿ ಒಣಹಾಕಿದ ಬಟ್ಟೆ ತೆಗೆಯುತ್ತಾ ಇದನ್ನು ಕೇಳಿ ಜೋರಾಗಿ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಏಕೆಂದರೆ ಅಷ್ಟರಲ್ಲಿ ಅವ್ವನ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತ್ತು. ಆ ಚಳಿಗಾಳಿಯಲ್ಲಿ ಬೆವರು. ಸೆರಗು ಹಿಡಿದಿದ್ದ ಬೆರಳು ನಡುಗುತ್ತಿತ್ತು. ನನ್ನನ್ನು ‘ಲತಾ’ ಎನ್ನುವ ಬದಲು ನಿಮ್ಮ ಅಕ್ಕನ ಹೆಸರು ಹಿಡಿದು ಕರೆದರು. ಹೋದ ವರ್ಷ ಹೀಗೇ ಶುರುವಾಗಿ ಬಚ್ಚಲ ಮನೆಯಲ್ಲಿ ಬಿದ್ದಿದ್ದರಲ್ಲ, ನೀವು ಎತ್ತಿಕೊಂಡು ಓಡಿದಿರಲ್ಲ, ಅದೆಲ್ಲ ಒಟ್ಟಿಗೇ ಕಣ್ಣಮುಂದೆ ಬಂತು. ಶಿಬಿರದ ಕಚೇರಿಗೆ ಫೋನು ಹಚ್ಚಿ, ಗಂಟೆ ಬಾರಿಸುತ್ತಿದ್ದ ಹಾಗೆಯೇ ನಿಲ್ಲಿಸಿದೆ. ನಿಮ್ಮನ್ನು ಧ್ಯಾನದಿಂದ ಎಬ್ಬಿಸಿ ಏನು ಹೇಳಲಿ? ಮೋಡ ಸರಿಯುತ್ತಿಲ್ಲ ಎಂದೇ? ದವಡೆ ಹಿಡಿದು ಸಕ್ಕರೆ ತುರುಕಿಬಿಡೋಣ ಎಂದು ಚಮಚ ಎತ್ತಿದೆ. ಅವ್ವ ಮುಖ ತಿರುಗಿಸಿದರು. ಹಠದ ಮುಖವಾಗಿರಲಿಲ್ಲ ಅದು, ದಣಿದ ಮುಖ. ನನ್ನ ಕೈ ಮುಂದೆ ಹೋಗಲಿಲ್ಲ.

ಆಗ ರೈಲ್ವೆ ಯಾರ್ಡಿನ ಎತ್ತರದ ಕಂಬದ ದೀಪಗಳು ಹತ್ತಿಕೊಂಡವು. ಆ ಮಂಜಿನಲ್ಲಿ ಕಂಬ ಕಾಣುತ್ತಿರಲಿಲ್ಲ, ದೀಪಗಳೂ ಬಿಡಿಬಿಡಿಯಾಗಿರಲಿಲ್ಲ. ತೆಂಗಿನ ಗರಿಗಳ ನಡುವೆ ದುಂಡಗೆ, ಬೆಳ್ಳಗೆ, ಅಂಚು ಕರಗಿದ ಒಂದು ಬೆಳಕು. ಅವ್ವನ ಎರಡು ಕಣ್ಣಿಗೂ ಪೊರೆ. ಯೋಚಿಸಿ ಮಾಡಿದೆ ಎಂದರೆ ಸುಳ್ಳು, ಯೋಚಿಸದೆ ಮಾಡಿದೆ ಎಂದರೂ ಸುಳ್ಳು. “ಅವ್ವಾ, ಅಗೋ, ಬಂದ” ಎಂದು ಅತ್ತ ಕೈ ತೋರಿಸಿದೆ.

ಅವ್ವ ತುಂಬ ಹೊತ್ತು ನೋಡಿದರು. ನಿಜವಾಗಿ ಎಷ್ಟು ಹೊತ್ತೋ, ನನಗೆ ತುಂಬ ಹೊತ್ತು. “ಪೂರ್ತಿ ಬಿಡ್ತೇನೆ?” ಎಂದರು. “ಪೂರ್ತಿ ಬಿಡ್ತು ಅವ್ವ” ಎಂದೆ. ಇನ್ನೊಂದು ಸಲ ಅತ್ತ ನೋಡಿ, ನನ್ನ ಕಡೆ ನೋಡಿ, ಕೈ ಮುಗಿದರು. ಲೋಟದ ಗ್ಲೂಕೋಸ್ ನೀರನ್ನು ಅವರೇ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದರು. ಕೆಳಗೆ ಕರೆದುಕೊಂಡು ಬಂದು ಬಿಸಿನೀರು ಕೊಟ್ಟೆ. ಮುಖ ತೊಳೆದು ಮುದ್ದೆ, ಅವರೆಕಾಳಿನ ಸಾರು ಉಂಡರು. ಉಣ್ಣುವಾಗ ಕರೆಂಟು ಹೋಗಿ ಬಂತು. ಕಿಟಕಿಯಲ್ಲಿ ಯಾರ್ಡಿನ ಬೆಳಕೂ ಒಮ್ಮೆ ಕಣ್ಣುಮುಚ್ಚಿ ತೆರೆಯಿತು. ಅವ್ವ ತುತ್ತು ಮುರಿಯುತ್ತಾ, “ಮೋಡ ಅಡ್ಡ ಬಂತೇನೋ” ಎಂದರಷ್ಟೆ. ಮಲಗುವ ಮುಂಚೆ ಮತ್ತೆ ನೋಡಿದಾಗ ನೂರಾ ಮೂವತ್ತು ದಾಟಿತ್ತು. ಹೊರಗೆ ಸಣ್ಣಗೆ ಮಳೆ ಹಿಡಿಯಿತು. ಅರಸೀಕೆರೆಗೆ ನಿನ್ನೆ ಚಂದ್ರ ಬರಲೇ ಇಲ್ಲ ಕಣ್ರೀ.

ಜೀವ ಉಳಿಯಿತು ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ, ಆಗುತ್ತಿಲ್ಲ. ಮಾವನಂಥ ಮಾವ ಇಡೀ ಜೀವಮಾನ ವಾದ ಮಾಡಿದರೇ ಹೊರತು ಅವ್ವನಿಗೆ ಮೋಸ ಮಾಡಲಿಲ್ಲ. ಕಣ್ಣು ಮಸುಕಾದವರಿಗೆ ರೈಲ್ವೆಯ ದೀಪ ತೋರಿಸಿ ಕೈ ಮುಗಿಸಿದವಳು ನಾನು. ಜನವರಿಯಲ್ಲಿ ಪೊರೆ ತೆಗೆಸುತ್ತೇವಲ್ಲ, ಆಮೇಲೆ ಒಂದು ಸಂಜೆ ತಾರಸಿಗೆ ಬಂದು ಪೂರ್ವಕ್ಕೆ ನೋಡಿದರೆ? ‘ಲತಾ, ಅವತ್ತು ನೀನು ತೋರ್ಸಿದ್ದು ಅದೇ ಜಾಗ ಅಲ್ವೇನೆ’ ಎಂದರೆ? ನಾನೇ ಹೇಳಿಬಿಡಲೇ? ಹೇಳಿದರೆ ಇನ್ನೊಂದು ಗ್ರಹಣಕ್ಕೆ ನನ್ನ ಮಾತು ನಂಬುವರೇ? ಬೆಳಿಗ್ಗೆಯಿಂದ ಅವರ ಮುಖ ನೋಡಿ ಮಾತಾಡಲು ಆಗುತ್ತಿಲ್ಲ. ಅವರು ಮಾತ್ರ ಎಂದೂ ಇಲ್ಲದ ಅಕ್ಕರೆಯಿಂದ “ಕಾಫಿ ಕುಡಿದೇನೆ, ತಿಂಡಿ ತಿಂದೇನೆ” ಎಂದು ನನ್ನ ಹಿಂದೆ ಹಿಂದೆಯೇ ಓಡಾಡುತ್ತಿದ್ದಾರೆ. ಅದು ಇನ್ನೂ ಹಿಂಸೆ. ನೀವು ಬಂದು ಏನು ಮಾಡಬೇಕೆಂದು ಹೇಳುವವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಬರುವಾಗ ಶಾಲು ಮರೆಯಬೇಡಿ, ಬೆಳಗಿನ ಬಸ್ಸಿನಲ್ಲಿ ತುಂಬ ಥಂಡಿ. ನಿಮ್ಮ ಮೌನ ನಿಮಗೆ ಒಳ್ಳೆಯದು ಮಾಡಲಿ. ನನಗಂತೂ ಒಂದು ಸಂಜೆಯದೇ ಭಾರವಾಗಿದೆ.

ನಿಮ್ಮ ಹಾದಿ ನೋಡುತ್ತಿರುವ,
ಲತಾಮಣಿ

ಮರೆತ ಮಾತು: ಲಕೋಟೆ ಅಂಟಿಸಲು ಕೂತವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು. ಮೇಲೆ ಕೇಳಿದ್ದಕ್ಕೆ ನೀವು ಉತ್ತರ ಹುಡುಕಬೇಕಾಗಿಲ್ಲ. ನೀವು ಬಂದ ಮೇಲೂ ಅವ್ವನ ಹತ್ತಿರ ಇದನ್ನು ಎತ್ತಬೇಡಿ, ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುವುದು ಬೇಡ. ಈಗ ತಾನೇ ಮಹದೇವಮ್ಮ ಒಂದು ಬಟ್ಟಲು ಹೆಪ್ಪಿನ ನೆಪ ಮಾಡಿಕೊಂಡು ಬಂದಿದ್ದರು. ಒಳಗೆ ಕರೆದರೂ ಬರದೆ, ನಡುಮನೆಯ ಕಡೆ ಒಂದು ಸಲ ಇಣುಕಿ, ಬಾಗಿಲಲ್ಲೇ ನಿಂತು ದನಿ ತಗ್ಗಿಸಿ ಹೇಳಿದರು: “ಲತಮ್ಮ, ನನ್ ಹೊಟ್ಟೇಲಿ ಮಾತು ನಿಲ್ಲಲ್ಲ, ನಿನಗೇ ಗೊತ್ತಲ್ಲ. ಬೆಳಿಗ್ಗೆ ನಿಮ್ಮತ್ತೆ ಕಾಂಪೌಂಡ್ ಹತ್ರ ಬಂದು ನನಗೆ ಪಾಠ ಹೇಳ್ಕೊಟ್ಟು ಹೋದ್ರು ಕಣೆ. ‘ನನ್ ಸೊಸೆ ಏನಾದ್ರೂ ಕೇಳಿದ್ರೆ, ನೆನ್ನೆ ನೀನೂ ಚಂದ್ರನ್ನ ಕಂಡೆ ಅಂತ ಹೇಳು ಮಾದೇವಿ. ಇಪ್ಪತ್ತು ವರ್ಷದಿಂದ ನೋಡ್ತಿರೋ ರೈಲ್ವೆ ಲೈಟು ನಂಗೆ ಗೊತ್ತಾಗಲ್ವಾ? ಏನ್ ಮಾಡ್ಲಿ, ತೋರ್ಸೋವಾಗ ಅವಳ ಕೈ ನನ್ ಕೈಗಿಂತ ಜಾಸ್ತಿ ನಡುಗ್ತಿತ್ತು’ ಅಂದ್ರು.”